ಕ್ಷಮೆಗೆ ತಕ್ಕ ಪದ

ಎರಡು ರಾಷ್ಟ್ರಗಳ ಸಂಧಾನವೆಂದರೆ ನಮ್ಮ ಕಣ್ಣಮುಂದೆ ಬರುವುದು ನಾಯಕರು ಕೈಕುಲುಕುವ ಛಾಯಾಚಿತ್ರ. ಆ ಚಿತ್ರದ ಹಿಂದೆ ಒಂದೊಂದು ಪದಕ್ಕಾಗಿ ಎಷ್ಟು ಹೆಣಗಾಟ ನಡೆದಿರುತ್ತದೆ ಎಂಬುದಕ್ಕೆ 1972ರ ಚೀನಾ-ಜಪಾನ್ ಮಾತುಕತೆ ಒಳ್ಳೆಯ ನಿದರ್ಶನ.

1937ರಿಂದ 1945ರವರೆಗೆ ಜಪಾನೀ ಸೇನೆ ಚೀನಾದಲ್ಲಿ ನಡೆಸಿದ ಯುದ್ಧದಲ್ಲಿ ಲಕ್ಷೋಪಲಕ್ಷ ಜನ ಮಡಿದರು. ನಾನ್‌ಜಿಂಗ್ ನಗರದ ಹತ್ಯಾಕಾಂಡವನ್ನು ಚೀನೀಯರು ಇಂದಿಗೂ ಮರೆತಿಲ್ಲ. ಯುದ್ಧಾನಂತರ ಜಪಾನ್ ಬೀಜಿಂಗ್ ಸರ್ಕಾರವನ್ನು ಬಿಟ್ಟು ತೈವಾನಿನ ಸರ್ಕಾರವನ್ನೇ ಮಾನ್ಯ ಮಾಡಿತ್ತು. ಆದರೂ ಸಂಬಂಧದ ಎಳೆ ಪೂರ್ತಿ ಕಡಿದಿರಲಿಲ್ಲ. 1962ರಲ್ಲಿ ಲಿಯಾವ್ ಚೆಂಗ್‌ಝಿ ಮತ್ತು ತಕಾಸಾಕಿ ತತ್ಸುನೊಸುಕೆ ಸಹಿ ಹಾಕಿದ ಒಡಂಬಡಿಕೆಯಂತೆ ವ್ಯಾಪಾರ ನಡೆದೇ ಇತ್ತು. 1972ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋಗಿಬಂದ ಮೇಲೆ ಜಪಾನಿಗೂ ದಾರಿ ಸುಗಮವಾಯಿತು.

ಅದೇ ವರ್ಷ ಸೆಪ್ಟೆಂಬರ್ 25ರಂದು ಜಪಾನಿನ ಪ್ರಧಾನಿ ತನಾಕಾ ಕಾಕುಯೇ ಬೀಜಿಂಗಿನಲ್ಲಿ ಇಳಿದರು. ಅಂದು ರಾತ್ರಿಯ ಔತಣಕೂಟದಲ್ಲಿ ಅವರು ಗತಕಾಲವನ್ನು ನೆನೆದು, ಚೀನೀ ಜನತೆಗೆ ತಮ್ಮ ದೇಶದಿಂದ ಬಹಳ 'ಮೇವಾಕು' ಆಯಿತೆಂದರು. ದುಭಾಷಿ ಅದನ್ನು ಚೀನೀ ಭಾಷೆಯಲ್ಲಿ 'ಮಾಫಾನ್' ಎಂದು ಅನುವಾದಿಸಿದರು. ಹಾಗೆಂದರೆ ತೊಂದರೆ, ಕಿರಿಕಿರಿ ಎಂದಷ್ಟೇ ಅರ್ಥ. ಸಭೆಯಲ್ಲಿ ಮೌನ ಕವಿಯಿತು. ದಾರಿಯಲ್ಲಿ ಹೆಂಗಸೊಬ್ಬಳ ಲಂಗಕ್ಕೆ ನೀರು ಸಿಡಿದಾಗ ಆಡುವ ಮಾತಿದು ಎಂದು ಪ್ರಧಾನಿ ಝೌ ಎನ್‌ಲಾಯ್ ಮರುದಿನ ಆಕ್ಷೇಪಿಸಿದರು. ತೀರಿಹೋದವರ ಮಕ್ಕಳಿಗೆ ಆ ಪದ ಹೇಗೆ ಕೇಳಿಸೀತು ಎಂಬುದನ್ನು ಊಹಿಸಿಕೊಳ್ಳಿ!

ಮಾತುಕತೆ ಅಲ್ಲಿಗೇ ಮುರಿದುಬೀಳಬಹುದಿತ್ತು. ಬೀಳಲಿಲ್ಲ. ವಿದೇಶಾಂಗ ಸಚಿವರಾದ ಓಹಿರಾ ಮಸಾಯೊಶಿ ಮತ್ತು ಜಿ ಪೆಂಗ್‌ಫೆಯ್ ಚೀನಾದ ಮಹಾಗೋಡೆಯ ಕಡೆಗೆ ಕಾರಿನಲ್ಲಿ ಸಾಗುವಾಗಲೂ ಚರ್ಚೆ ಮುಂದುವರಿಸಿದರು. ಸೆಪ್ಟೆಂಬರ್ 29ರ ಜಂಟಿ ಹೇಳಿಕೆಯಲ್ಲಿ 'ತೊಂದರೆ' ಮಾಯವಾಗಿತ್ತು. ಯುದ್ಧದಿಂದಾದ ಘೋರ ಹಾನಿಯ ಹೊಣೆಯನ್ನು ಜಪಾನ್ ಅರಿತಿದೆ, ಅದಕ್ಕಾಗಿ ಆಳವಾಗಿ ಆತ್ಮಶೋಧನೆ ಮಾಡಿಕೊಳ್ಳುತ್ತದೆ ಎಂಬ ಭಾವದ ಮಾತುಗಳಿದ್ದವು. ಚೀನಾ ಯುದ್ಧಪರಿಹಾರದ ಬೇಡಿಕೆಯನ್ನು ಬಿಟ್ಟುಕೊಟ್ಟಿತು. 1978ರ ಆಗಸ್ಟ್ 12ರಂದು ಶಾಂತಿ ಮತ್ತು ಮೈತ್ರಿಯ ಒಪ್ಪಂದಕ್ಕೂ ಸಹಿ ಬಿತ್ತು.

ಎಲ್ಲವೂ ಬಗೆಹರಿಯಿತೆಂದಲ್ಲ. ಪೂರ್ವ ಚೀನಾ ಸಮುದ್ರದ ಸೆನ್ಕಾಕು ದ್ವೀಪಗಳ ಪ್ರಶ್ನೆಯನ್ನು ಅಂದು ಇತ್ಯರ್ಥ ಮಾಡದೆಯೇ ಬಿಡಲಾಯಿತು. ಚೀನೀಯರು ಅವನ್ನು ದಿಯಾವ್‌ಯು ಎನ್ನುತ್ತಾರೆ. 2012ರಲ್ಲಿ, ಸಂಬಂಧಕ್ಕೆ ನಲವತ್ತು ತುಂಬಿದ ವರ್ಷವೇ, ಆ ಕಿಚ್ಚು ಮತ್ತೆ ಹೊತ್ತಿ ಚೀನಾದ ನಗರಗಳಲ್ಲಿ ಜಪಾನ್ ವಿರೋಧಿ ಪ್ರದರ್ಶನಗಳು ನಡೆದವು.

ಹಾಗೆಂದು 1972ರ ಶ್ರಮ ವ್ಯರ್ಥವಾಯಿತೆನ್ನಲಾಗದು. ಅಂದಿನಿಂದ ಇಂದಿನವರೆಗೆ ಆ ಎರಡು ದೇಶಗಳು ಪರಸ್ಪರ ಯುದ್ಧ ಹೂಡಿಲ್ಲ. ಅಕ್ಕಪಕ್ಕದವರು ಸ್ನೇಹಿತರಾಗದಿದ್ದರೂ ಮಾತು ಬಿಡಬಾರದು. ಆಡುವ ಮಾತಾದರೂ ನೊಂದವರ ನೋವಿನಷ್ಟೇ ತೂಕದ್ದಾಗಿರಬೇಕು.