ಎಂಜಿನ್ ಬದಲಾದ ಕಾರುಗಳ ಕಥೆ

ಹಳೆಯ ಕಾರೊಂದರ ಬಾನೆಟ್ ಎತ್ತಿದಾಗ ಅಲ್ಲಿರುವ ಎಂಜಿನ್ ಆ ಕಾರಿನದೇ ಎಂದು ನೀವು ಸಹಜವಾಗಿ ನಂಬುತ್ತೀರಿ. ಮೈಸೂರಿನಲ್ಲಿ ನನ್ನ ಸ್ನೇಹಿತರೊಬ್ಬರು ಕೊಂಡ ಕಾಂಟೆಸ್ಸಾ ಕಾರಿನ ವಿಷಯದಲ್ಲಿ ಹಾಗಿರಲಿಲ್ಲ. ಪೆಟ್ರೋಲ್ ಕಾರಾಗಿ ಹುಟ್ಟಿದ ಅದರೊಳಗೆ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕುಳಿತಿತ್ತು. ಹಿಂದಿನ ಮಾಲೀಕರೊಬ್ಬರು 1990ರ ದಶಕದಲ್ಲಿ ಅದನ್ನು ಹಾಕಿಸಿ, ನೋಂದಣಿ ಪತ್ರದಲ್ಲಿ ಇಂಧನವನ್ನು 'ಡೀಸೆಲ್' ಎಂದು ತಿದ್ದಿಸಿಯೂ ಇದ್ದರು. ಕಾಗದ ಸರಿಯಾಗಿಯೇ ಇತ್ತು. ಆದರೆ ಮೊದಲ ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿ ಇಳಿಯುವಾಗ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಮೊದಲನೇ ಗೇರಿನಲ್ಲಿ, ಬೆವರುತ್ತಾ ಕೆಳಗಿಳಿದೆವು ಎಂದು ಅವರು ಹೇಳಿದರು. ಇವರು ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು. ಹೆದರಿಕೆ ಇಳಿದ ಮೇಲೆ ಕುತೂಹಲ ಹುಟ್ಟಿತು.

ಇಂಥ ಕಾರುಗಳು ನಮ್ಮಲ್ಲಿ ಒಂದೆರಡಲ್ಲ. ಅವು ಹುಟ್ಟಿದ್ದಕ್ಕೆ ಒಂದು ಚರಿತ್ರೆಯೇ ಇದೆ.

ರುಡಾಲ್ಫ್ ಡೀಸೆಲ್‌ನ ಎಂಜಿನ್ 1897ರಲ್ಲಿ ಯಶಸ್ವಿಯಾಗಿ ಓಡಿತಾದರೂ ಅದು ಭಾರಿ ತೂಕದ, ನಿಧಾನಗತಿಯ ಯಂತ್ರ. ಕಾರಿಗೆ ಹೊಂದುವಷ್ಟು ಹಗುರವಾಗಲು ದಶಕಗಳೇ ಬೇಕಾದವು. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ 1932ರಲ್ಲಿ ಫ್ರಾಂಕ್ ಪರ್ಕಿನ್ಸ್ ಆರಂಭಿಸಿದ ಕಂಪನಿಯ ಉದ್ದೇಶವೇ ವೇಗವಾಗಿ ತಿರುಗುವ ಡೀಸೆಲ್ ಎಂಜಿನ್ ತಯಾರಿಸುವುದು. ಅದರ ಆರು ಸಿಲಿಂಡರಿನ 'ಪಿ6' ಎಂಜಿನ್ 1937ರಲ್ಲಿ ಬಂತು. ಪೆಟ್ರೋಲ್ ಲಾರಿಯ ಎಂಜಿನ್ ಕಳಚಿ ಇದನ್ನು ಕೂರಿಸುವುದು ಹಲವು ದೇಶಗಳಲ್ಲಿ ರೂಢಿಯಾಯಿತು. ಮದರಾಸಿನ ಸಿಂಪ್ಸನ್ ಕಂಪನಿ 1950ರ ದಶಕದಲ್ಲಿ ಪರ್ಕಿನ್ಸ್ ಎಂಜಿನ್ನುಗಳನ್ನು ಇಲ್ಲೇ ತಯಾರಿಸತೊಡಗಿತು. ಎಂಜಿನ್ ಬದಲಾವಣೆಯ ವಿದ್ಯೆಯನ್ನು ನಮ್ಮ ಮೆಕ್ಯಾನಿಕ್ಕುಗಳು ಮೊದಲು ಕಲಿತದ್ದು ಲಾರಿಗಳ ಮೇಲೆ ಎಂದರೆ ತಪ್ಪಾಗದು.

ಕಾರುಗಳ ಸರದಿ ಬೇರೆ ಕಾರಣದಿಂದ ಬಂತು. ಸ್ವಾತಂತ್ರ್ಯದ ನಂತರ ಪೂರ್ತಿ ತಯಾರಾದ ಕಾರುಗಳ ಆಮದಿಗೆ ಸರ್ಕಾರ ತಡೆ ಹಾಕಿತು. ಬಿಡಿಭಾಗಗಳನ್ನು ತಂದು ಜೋಡಿಸಿ ಮಾರುತ್ತಿದ್ದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ 1953–54ರ ಹೊತ್ತಿಗೆ ದೇಶ ಬಿಟ್ಟವು. ಷೆವರ್ಲೆ, ಬ್ಯೂಕ್‌ನಂಥ ದೊಡ್ಡ ಕಾರುಗಳು ಇಲ್ಲಿ ಉಳಿದವು, ಅವುಗಳ ಬಿಡಿಭಾಗಗಳು ಉಳಿಯಲಿಲ್ಲ. ಪಿಸ್ಟನ್ ಸಿಗದಿದ್ದರೆ ಇಡೀ ಎಂಜಿನ್ನನ್ನೇ ಬದಲಿಸುವುದು ಅನಿವಾರ್ಯ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭವಾದ 'ಪಯಣ' ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡುವಾಗ, ಇವುಗಳ ಓರಗೆಯ ಎಷ್ಟೋ ಕಾರುಗಳು ಊರೂರಿನ ಗ್ಯಾರೇಜುಗಳಲ್ಲಿ ಹೀಗೆ ಬೇರೊಂದರ ಎಂಜಿನ್ ಹೊತ್ತು ಬದುಕಿದವು ಎಂಬುದನ್ನು ನೆನೆಯಿರಿ.

ಮೂರನೆಯ ಅಲೆ ಎದ್ದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಪೆಟ್ರೋಲ್ ದುಬಾರಿಯಾಯಿತು, ಡೀಸೆಲ್ ಅಗ್ಗವಾಗಿಯೇ ಉಳಿಯಿತು. ಮೇಲಾಗಿ ಡೀಸೆಲ್ ಎಂಜಿನ್ ಒಂದು ಲೀಟರಿಗೆ ಹೆಚ್ಚು ದೂರ ಓಡುತ್ತದೆ. ಹಿಂದೂಸ್ಥಾನ್ ಮೋಟಾರ್ಸ್ 1980ರ ಸುಮಾರಿಗೆ 1489 ಸಿ.ಸಿ. ಡೀಸೆಲ್ ಎಂಜಿನ್ನಿನ ಅಂಬಾಸಿಡರ್ ತಂದಿತು. ಅದರ ಶಕ್ತಿ 40 ಅಶ್ವಶಕ್ತಿಗಿಂತ ಕಡಿಮೆ. ಮೈಸೂರಿನಿಂದ ಊಟಿಗೆ ಐದಾರು ಪ್ರವಾಸಿಗರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು ಘಾಟಿ ಹತ್ತುವ ಟ್ಯಾಕ್ಸಿಯವರಿಗೆ ಇದು ಸಾಲುವುದೇ? ಹಾಗಾಗಿ ಅಂಬಾಸಿಡರ್‌ಗೂ ಕಾಂಟೆಸ್ಸಾಕ್ಕೂ ಮೆಟಡಾರ್‌ನ ದೊಡ್ಡ ಎಂಜಿನ್ ಹಾಕಿಸುವುದು ಹರಡಿತು. ನನ್ನ ಸ್ನೇಹಿತರ ಕಾರು ಈ ಕಾಲದ ಕೂಸು.

ಇನ್ನು ಗ್ಯಾರೇಜಿಗೆ ಬರೋಣ. ಕಾರನ್ನು ಒಂದು ಗಂಟೆ ನೋಡಿದ ಮೇಸ್ತ್ರಿ ಹೇಳಿದ್ದು ಇಷ್ಟು: "ಎಂಜಿನ್ ಚೆನ್ನಾಗೇ ಇದೆ ಮೇಷ್ಟ್ರೇ. ಕೂರಿಸಿದ ಕೈ ಸರಿಯಿಲ್ಲ."

ಬ್ರೇಕಿನಿಂದ ಶುರು ಮಾಡೋಣ. ಈ ಕಾರಿನ ಬ್ರೇಕಿಗೆ ನೆರವು ನೀಡಲು ಸರ್ವೋ ಎಂಬ ದುಂಡನೆಯ ಡಬ್ಬಿ ಇದೆ. ಅದರೊಳಗಿನ ಪೊರೆಯ ಒಂದು ಬದಿಯಲ್ಲಿ ಭಾಗಶಃ ನಿರ್ವಾತ; ಪೆಡಲ್ ಒತ್ತಿದಾಗ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗಿ ಪೊರೆಯನ್ನು ತಳ್ಳುತ್ತದೆ. ಪೊರೆಯ ವ್ಯಾಸ 20 ಸೆಂ.ಮೀ. ಎಂದುಕೊಂಡರೆ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಒತ್ತಡದ ಅಂತರ ಚದರ ಸೆಂಟಿಮೀಟರಿಗೆ 6 ನ್ಯೂಟನ್ ಇದ್ದರೂ ಒಟ್ಟು ಬಲ ಸುಮಾರು 1900 ನ್ಯೂಟನ್, ಅಂದರೆ 190 ಕಿಲೋಗ್ರಾಂನಷ್ಟು ಭಾರ. ಈ ನಿರ್ವಾತ ಎಲ್ಲಿಂದ ಬರುತ್ತದೆ? ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ತಟ್ಟೆ ಗಾಳಿಯ ದಾರಿಯನ್ನು ಅಡ್ಡಗಟ್ಟುವುದರಿಂದ ಅದರಾಚೆಯ ಕೊಳವೆಯಲ್ಲಿ ತಾನಾಗಿಯೇ ಉಂಟಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಆ ತಟ್ಟೆಯೇ ಇಲ್ಲ. ಇಂಧನದ ಪ್ರಮಾಣ ಮಾತ್ರ ಬದಲಾಗುತ್ತದೆ. ಆದ್ದರಿಂದ ಪ್ರತ್ಯೇಕ ನಿರ್ವಾತ ಪಂಪು ಬೇಕು. ಹಲವು ಎಂಜಿನ್ನುಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಈ ಕಾರಿನಲ್ಲಿ ಆಲ್ಟರ್ನೇಟರ್ ಹಳೆಯ ಪೆಟ್ರೋಲ್ ಎಂಜಿನ್ನಿನದು, ಪಂಪು ಇಲ್ಲ. ಸರ್ವೋದ ರಬ್ಬರ್ ಕೊಳವೆಯ ಬಾಯಿಗೆ ಒಂದು ಬೋಲ್ಟು ತುರುಕಿ ತಂತಿ ಸುತ್ತಿದ್ದರು!

ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಜನರೂ ಸೇರಿ 1500 ಕಿ.ಗ್ರಾಂ. ತೂಗುವ ಕಾರು ಅಲ್ಲಿಂದ ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 44 ಲಕ್ಷ ಜೂಲ್. 14 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಸಣ್ಣ ಗೇರಿನಲ್ಲಿ ಇಳಿದರೆ ಎಂಜಿನ್ ಒಂದು ಪಾಲು ಹೊರುತ್ತದೆ, ಉಳಿದದ್ದು ಬ್ರೇಕಿನ ಪಾಲು. ತಮ್ಮ ಜೀವ ಉಳಿಸಿದ್ದು ಮೊದಲನೇ ಗೇರು ಎಂದು ಸ್ನೇಹಿತರಿಗೆ ಆಗ ಅರ್ಥವಾಯಿತು.

ಎರಡನೆಯ ದೋಷ ನಡುಕ. ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ದಹನಗಳು. ನಿಂತಲ್ಲಿ ನಿಮಿಷಕ್ಕೆ 750 ಸುತ್ತು ತಿರುಗಿದರೆ ಸೆಕೆಂಡಿಗೆ 25 ಹೊಡೆತ. ಎಂಜಿನ್ ಕುಳಿತ ರಬ್ಬರ್ ಮೌಂಟ್ ಮೆತ್ತಗಿದ್ದು, ಅದರ ಸಹಜ ಆವರ್ತಾಂಕ ಇದಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಮಾತ್ರ ಕಂಪನ ದೇಹಕ್ಕೆ ದಾಟುವುದಿಲ್ಲ. ಇಲ್ಲಿ ಮೌಂಟಿನ ಬದಲು ಲಾರಿ ಟೈರಿನ ತುಂಡು, ಅದರ ಮೇಲೆ ಬೆಸೆದ ಕಬ್ಬಿಣದ ಪಟ್ಟಿ. ಗಟ್ಟಿಯಾದಷ್ಟೂ ಆವರ್ತಾಂಕ ಏರಿ ಹೊಡೆತಗಳ ಹತ್ತಿರ ಬರುತ್ತದೆ. ಅನುರಣನೆಯನ್ನು ನೀವು ಪ್ರಯೋಗಾಲಯದಲ್ಲಿ ಶ್ರುತಿಕವಲಿನಿಂದ ತೋರಿಸುತ್ತೀರಿ. ಈ ಕಾರಿನಲ್ಲಿ ಅದನ್ನು ತೋರಿಸಲು ಮುಂದಿನ ಕನ್ನಡಿಯೇ ಸಾಕಿತ್ತು.

ಕಷ್ಟದ ಕೆಲಸ ಮುಂದಿತ್ತು. ಎಂಜಿನ್ ಮೆಟಡಾರಿನದು, ಗೇರ್ ಬಾಕ್ಸ್ ಕಾಂಟೆಸ್ಸಾದ್ದು. ಎರಡನ್ನೂ ಸೇರಿಸಲು ನಡುವೆ ದಪ್ಪ ಉಕ್ಕಿನ ತಟ್ಟೆಯೊಂದನ್ನು ಕೊರೆದು ಹಾಕಿದ್ದರು. ಎಂಜಿನ್ನಿನ ಕ್ರ್ಯಾಂಕ್ ದಂಡ ಮತ್ತು ಗೇರ್ ಬಾಕ್ಸಿನ ದಂಡ ಒಂದೇ ಗೆರೆಯಲ್ಲಿರಬೇಕು. ಇಲ್ಲದಿದ್ದರೆ ಕ್ಲಚ್ ಪ್ಲೇಟೂ ನಡುವಿನ ಬೇರಿಂಗೂ ಬೇಗ ಸವೆಯುತ್ತವೆ. ಹಳೆಯ ರಸೀದಿಗಳನ್ನು ತಿರುವಿದರೆ ಪ್ರತಿ ವರ್ಷವೂ ಕ್ಲಚ್ ಪ್ಲೇಟ್ ಬದಲಾಗಿತ್ತು! ಪ್ರತಿ ಬಾರಿಯೂ ಪ್ಲೇಟಿನ ಮೇಲೆ ದೂರು. ಗೆರೆಯನ್ನು ಯಾರೂ ಅಳೆದಿರಲಿಲ್ಲ. ಮೇಸ್ತ್ರಿ ಫ್ಲೈವೀಲಿಗೆ ಡಯಲ್ ಗೇಜ್ ಅಂಟಿಸಿ, ಅದರ ಮುಳ್ಳನ್ನು ಗೇರ್ ಬಾಕ್ಸ್ ಕೂರುವ ರಂಧ್ರದ ಅಂಚಿಗೆ ತಾಗಿಸಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿದರು. ಮುಳ್ಳು ಒಂದು ಮಿ.ಮೀ. ಓಡಾಡಿತು. ಇದರರ್ಥ ಕೇಂದ್ರ ಅರ್ಧ ಮಿ.ಮೀ. ಸರಿದಿದೆ ಎಂದು, ಗೇಜು ತೋರಿಸುವುದು ಸರಿದದ್ದರ ಎರಡರಷ್ಟು. ತಟ್ಟೆಯ ಸ್ಥಾನ ಹಿಡಿಯಲು ಗೂಟಗಳೇ ಇರಲಿಲ್ಲ, ಬೋಲ್ಟುಗಳ ಸಡಿಲ ರಂಧ್ರಗಳೇ ಆಧಾರ. ಲೇತಿನವರ ಬಳಿ ಹೊಸ ತಟ್ಟೆ ಮಾಡಿಸಿ, ಗೆರೆ ಹೊಂದಿಸಿದ ಮೇಲೆ ಎರಡು ಉಕ್ಕಿನ ಗೂಟ ಹೊಡೆದು ಸ್ಥಿರಗೊಳಿಸಿದರು. ಇದಕ್ಕೇ ಮೂರು ದಿನ ಹಿಡಿಯಿತು.

ತಂತಿಗಳ ವಿಷಯ ಬೇಗ ಮುಗಿಸುತ್ತೇನೆ. ಡೀಸೆಲ್ ಎಂಜಿನ್ನಿನ ಸಂಪೀಡನ ಹೆಚ್ಚು. ಅದನ್ನು ತಿರುಗಿಸುವ ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ. 300 ಆಂಪಿಯರ್ ಹರಿಯುವಾಗ ದಾರಿಯಲ್ಲಿ 0.01 ಓಮ್ ರೋಧ ಇದ್ದರೂ 3 ವೋಲ್ಟ್ ನಷ್ಟ, ಆ ಕೀಲಿನಲ್ಲಿ 900 ವಾಟ್ ಶಾಖ. ಈ ಕಾರಿನಲ್ಲಿ ಎಂಜಿನ್ನಿನಿಂದ ದೇಹಕ್ಕೆ ಅರ್ತ್ ಪಟ್ಟಿಯೇ ಇರಲಿಲ್ಲ. ಪ್ರವಾಹ ಆಕ್ಸಿಲರೇಟರ್ ತಂತಿಯ ಮೂಲಕ ಮರಳುತ್ತಿತ್ತು. ತಂತಿಯ ಹೊದಿಕೆ ಕರಗಿದ್ದು ಏಕೆಂದು ಇನ್ನು ನೀವೇ ಹೇಳಬಲ್ಲಿರಿ.

ಹಿಂದಿನ ಮಾಲೀಕರನ್ನು ಬೈಯುವುದು ಸುಲಭ. ಅವರಿಗೆ ಬೇಕಿದ್ದದ್ದು ಕಡಿಮೆ ಖರ್ಚಿನ ಓಡಾಟ, ಎಂಜಿನ್ ಓಡಿದ ಕೂಡಲೇ ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸಿದರು. ನೋಂದಣಿ ಪತ್ರ ಎಂಜಿನ್ ಸಂಖ್ಯೆಯನ್ನೂ ಇಂಧನವನ್ನೂ ಬರೆದುಕೊಳ್ಳುತ್ತದೆ. ಬೋಲ್ಟು ತುರುಕಿದ ಕೊಳವೆಗೆ ಅಲ್ಲಿ ಅಂಕಣವಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ವಿಧಿಯನ್ನು 2000ದಲ್ಲಿ ತಿದ್ದಿ ಇಂಥ ಮಾರ್ಪಾಡುಗಳನ್ನು ಬಿಗಿಗೊಳಿಸಲಾಯಿತು. ಡೀಸೆಲ್ ಬೆಲೆಯ ನಿಯಂತ್ರಣವೂ 2014ರ ಅಕ್ಟೋಬರಿನಲ್ಲಿ ಹೋಯಿತು. ಅದೇ ವರ್ಷ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಮೂಲ ಪೆಟ್ರೋಲ್ ಎಂಜಿನ್ನನ್ನೇ ಹುಡುಕಿ ಹಾಕಿ ಎಂದು ಕೆಲವರು ಸ್ನೇಹಿತರಿಗೆ ಸಲಹೆ ಕೊಟ್ಟರು. ಕಾಗದದಲ್ಲಿರುವ, ಚೆನ್ನಾಗಿ ಓಡುವ ಎಂಜಿನ್ನನ್ನು ಕಿತ್ತೆಸೆಯುವುದಕ್ಕಿಂತ ಅದನ್ನು ಸರಿಯಾಗಿ ಕೂರಿಸುವುದೇ ಲೇಸು ಎಂಬುದು ಅವರ ನಿಲುವು. ನನ್ನದೂ ಅದೇ.

ಪಂಪು ಇರುವ ಆಲ್ಟರ್ನೇಟರ್ ಹಾಕಿಸಿದ ದಿನ ಅವರು ಮಾಡಿದ ಪರೀಕ್ಷೆಯನ್ನು, ಸರ್ವೋ ಇರುವ ಯಾವುದೇ ಕಾರಿನಲ್ಲಿ ನೀವೂ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಆರಿಸಿ. ಬ್ರೇಕ್ ಪೆಡಲನ್ನು ಐದಾರು ಸಲ ಒತ್ತಿಬಿಡಿ. ಸರ್ವೋದಲ್ಲಿ ಉಳಿದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಪೆಡಲನ್ನು ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಕಾಲಿನ ಕೆಳಗೆ ಪೆಡಲ್ ಮೆಲ್ಲಗೆ ಒಂದೆರಡು ಬೆರಳಷ್ಟು ಕುಸಿಯಬೇಕು. ಕುಸಿಯದಿದ್ದರೆ ಆ ಕಾರನ್ನು ಬೆಟ್ಟಕ್ಕೆ ಒಯ್ಯಬೇಡಿ.