ಮಾತ್ರೆಯ ಮರುವಿಚಾರಣೆ

1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯ ಕ್ಷಯರೋಗಿಗಳು ನಗುತ್ತಾ ಕುಣಿಯುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಹಾಸಿಗೆ ಹಿಡಿದವರನ್ನು ಎಬ್ಬಿಸಿದ್ದು ಐಸೋನಿಯಜಿಡ್ ಎಂಬ ಅಗ್ಗದ ಮಾತ್ರೆ. ಅದು ಯಕೃತ್ತನ್ನೂ ಕೆಡಿಸಬಲ್ಲದು ಎಂಬುದು ಜಗತ್ತಿಗೆ ಸರಿಯಾಗಿ ನಾಟಿದ್ದು ತಡವಾಗಿ. 1970ರಲ್ಲಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ ಕ್ಷಯ ತಡೆಯಲೆಂದು 2,321 ಮಂದಿಗೆ ಈ ಮಾತ್ರೆ ಕೊಟ್ಟರು. 19 ಜನರ ಯಕೃತ್ತು ಕೆಟ್ಟಿತು, ಇಬ್ಬರು ತೀರಿಕೊಂಡರು.

ಆರೋಗ್ಯವಂತ ಇಂತಹ ಮಾತ್ರೆಯನ್ನು ಎಸೆದು ಸುಮ್ಮನಾಗಬಹುದು. ರೋಗಿಯ ಪಾಡು ಹಾಗಲ್ಲ. ನುಂಗಿದರೆ ಕಾಮಾಲೆ, ಬಿಟ್ಟರೆ ಕ್ಷಯ.

ನಮ್ಮಲ್ಲಿ ಈ ಇಕ್ಕಟ್ಟು ಮನೆಯೊಳಗೇ ಬಂದು ಕೂತಿತು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಪ್ರಯೋಗವು, ಸ್ಯಾನಿಟೋರಿಯಂ ಸೇರದೆ ಮನೆಯಲ್ಲಿದ್ದೇ ಕ್ಷಯ ವಾಸಿ ಮಾಡಿಕೊಳ್ಳಬಹುದೆಂದು ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಆಮೇಲೆ ಬಂದ ರಿಫಾಂಪಿಸಿನ್, ಪೈರಾಜಿನಮೈಡ್ ಸೇರಿ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. ಆದರೆ ಮೂರೂ ಯಕೃತ್ತಿಗೆ ತೊಂದರೆ ಕೊಡಬಲ್ಲವು. ಕಣ್ಣು ಹಳದಿಯಾದರೆ ದೂರು ಯಾರ ಮೇಲೆ? ಕೊಳಕು ನೀರಿನಿಂದ ಬರುವ ಕಾಮಾಲೆಗೆ ನಮ್ಮಲ್ಲಿ ಬರವಿಲ್ಲ. ಮೂರೂ ಮಾತ್ರೆಗಳು ನಿರಪರಾಧಿಗಳೂ ಇರಬಹುದು. ಉರ್ದು ಮನೆಗಳ ಯರ್ಖಾನ್‌ಗೂ ಕನ್ನಡ ಮನೆಗಳ ಕಾಮಾಲೆಗೂ ಮೊದಲು ನೆನಪಾಗುವುದು ಸೊಪ್ಪಿನ ರಸ ಕೊಡುವವರೇ. ಅಷ್ಟರಲ್ಲಿ ಕ್ಷಯದ ಮಾತ್ರೆ ಮೂಲೆ ಸೇರಿರುತ್ತದೆ.

ವೈದ್ಯರು ಕಂಡುಕೊಂಡ ದಾರಿ ಒಂದು ಬಗೆಯ ಮರುವಿಚಾರಣೆ. ಮೂರನ್ನೂ ನಿಲ್ಲಿಸುವುದು, ಕ್ಷಯ ಜೋರಾಗಿದ್ದರೆ ಎಥಾಂಬುಟಾಲ್‌ನಂತಹ, ಯಕೃತ್ತಿಗೆ ಹೊರೆಯಾಗದ ಔಷಧಿಗಳಿಂದ ಕಾಲ ತಳ್ಳುವುದು. ರಕ್ತಪರೀಕ್ಷೆ ತಹಬಂದಿಗೆ ಬಂದ ಮೇಲೆ ಒಂದೊಂದೇ ಮಾತ್ರೆಯನ್ನು ಒಳಗೆ ಬಿಡುವುದು. ಮತ್ತೆ ಯಕೃತ್ತು ಕೆರಳಿದರೆ ಕೊನೆಗೆ ಬಂದವನ ಮೇಲೆ ಅನುಮಾನ. ಅಮೆರಿಕದವರು ರಿಫಾಂಪಿಸಿನ್‌ನಿಂದ ಶುರುಮಾಡಿ ಎಂದರು. ಬ್ರಿಟಿಷರು ಐಸೋನಿಯಜಿಡ್ಡನ್ನು ಸಣ್ಣ ಪ್ರಮಾಣದಿಂದ ಏರಿಸುತ್ತಾ ಹೋಗಿ ಎಂದರು. ಎರಡಕ್ಕೂ ಆಧಾರ ಹೆಚ್ಚಾಗಿ ಅನುಭವವೇ.

ಇವನ್ನು ಒರೆಗೆ ಹಚ್ಚಿದವರು ದೆಹಲಿಯ ಏಮ್ಸ್ ವೈದ್ಯರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 175 ರೋಗಿಗಳಿದ್ದರು. ಒಂದು ಗುಂಪಿಗೆ ಮೂರೂ ಮಾತ್ರೆಗಳನ್ನು ಮೊದಲ ದಿನವೇ ಪೂರ್ಣ ಪ್ರಮಾಣದಲ್ಲಿ ಕೊಟ್ಟರು. ಉಳಿದೆರಡು ಗುಂಪುಗಳಿಗೆ ಅಮೆರಿಕದ ಮತ್ತು ಬ್ರಿಟಿಷ್ ಕ್ರಮ. ಯಕೃತ್ತಿನ ತೊಂದರೆ ಮರುಕಳಿಸಿದ್ದು ಒಟ್ಟು 19 ಜನರಿಗೆ. ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಉಳಿದ 156 ಮಂದಿಗೆ ಅದೇ ಮಾತ್ರೆಗಳು ಒಗ್ಗಿದವು.

ಇದನ್ನು ಓದಿ ಯಾರೂ ಮನೆಯಲ್ಲೇ ಮಾತ್ರೆ ಮತ್ತೆ ಶುರುಮಾಡಬಾರದು. ಆ 175 ಜನರ ಯಕೃತ್ತು ಮೊದಲು ಚೇತರಿಸಿಕೊಂಡಿತ್ತು, ಆಮೇಲೂ ಪದೇ ಪದೇ ರಕ್ತ ಪರೀಕ್ಷಿಸಲಾಗಿತ್ತು. ಸರಕಾರ ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ. ಆ ರಕ್ತಪರೀಕ್ಷೆಗಾಗಿ ಮಾತ್ರ ನಮ್ಮ ಹಳ್ಳಿಗಳ ಎಷ್ಟೋ ಮಂದಿ ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು.