ಮೊದಲ ಸಿನಿಮಾ ಎಲ್ಲಿದೆ ಸಾರ್?

ಒಂದು ದಿನ ಏಳನೇ ತರಗತಿಯಲ್ಲಿ ಕನ್ನಡ ಚಿತ್ರರಂಗದ ಬಗ್ಗೆ ಪಾಠ ಮಾಡುತ್ತಿದ್ದೆ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ', ಬಿಡುಗಡೆ 1934ರ ಮಾರ್ಚ್ 3, ಬೆಂಗಳೂರು ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಫೋನಲ್ಲಿ ಹಾಕಿ ತೋರ್ಸಿ ಸಾರ್" ಅಂದ.

"ಅದು ಈಗ ಎಲ್ಲೂ ಇಲ್ಲ ಕಣೋ" ಅಂದೆ. ಇಡೀ ತರಗತಿ ನಂಬಲಿಲ್ಲ. ಸಿನಿಮಾ ಅಂದಮೇಲೆ ಎಲ್ಲಾದರೂ ಇರಲೇಬೇಕು ಅನ್ನುವುದು ಈಗಿನ ಮಕ್ಕಳ ಲೆಕ್ಕ.

ಆ ಚಿತ್ರ ಇಂದ್ರಜಿತುವಿನ ಹೆಂಡತಿ ಸುಲೋಚನೆಯ ಕಥೆ. ನಿರ್ದೇಶಕರು ವೈ.ವಿ. ರಾವ್. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಇಷ್ಟೆಲ್ಲ ಗೊತ್ತಿದೆ, ಚಿತ್ರ ಮಾತ್ರ ಉಳಿದಿಲ್ಲ. 1931ರಲ್ಲಿ ಬಂದ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ'ದ ಗತಿಯೂ ಇದೇ.

ಯಾಕೆ ಹೀಗಾಯಿತು? ಆ ಕಾಲದ ಫಿಲ್ಮು ನೈಟ್ರೇಟ್ ಎಂಬ ವಸ್ತುವಿನದು. ಬೇಗ ಬೆಂಕಿ ಹಿಡಿಯುತ್ತಿತ್ತು, ಶಾಖಕ್ಕೆ, ತೇವಕ್ಕೆ ಕೊಳೆಯುತ್ತಿತ್ತು. ಫಿಲ್ಮಿನಲ್ಲಿದ್ದ ಬೆಳ್ಳಿಯ ಆಸೆಗೆ ಹಳೆಯ ರೀಲುಗಳನ್ನು ಮಾರಿದವರೂ ಉಂಟು. ಪ್ರದರ್ಶನ ಮುಗಿದ ಚಿತ್ರವನ್ನು ಕಾಪಾಡಬೇಕೆಂದು ಯೋಚಿಸಿದವರು ಕಡಿಮೆ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದೇ 1964ರಲ್ಲಿ. ಮುಂಬಯಿಯಲ್ಲಿ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉದ್ಘಾಟನೆಯಾದದ್ದು 2019ರ ಜನವರಿಯಲ್ಲಿ.

ಇನ್ನೊಂದು ಸಂಗತಿ ಗಡಿಯಲ್ಲಿರುವ ನಮಗೆ ಮುಖ್ಯ. 'ಸತಿ ಸುಲೋಚನಾ' ಚಿತ್ರೀಕರಣವಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಮುಂದೆ ಎಷ್ಟೋ ವರ್ಷ ಕನ್ನಡ ಚಿತ್ರಗಳು ತಯಾರಾದದ್ದು ಮದರಾಸಿನಲ್ಲಿ. ಕನ್ನಡ ಸಿನಿಮಾ ಬೆಳೆದಿದ್ದೇ ನಮ್ಮ ಹಾಗೆ, ಗಡಿಯಾಚೆ!

ಆ ಸಿನಿಮಾದ ದೊಡ್ಡ ಹೆಸರು ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ನಮ್ಮ ತಾಳವಾಡಿ ಸೀಮೆಯ ಗಾಜನೂರಿನಲ್ಲಿ. ಆಗಿನ ಹೆಸರು ಮುತ್ತುರಾಜ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗಭೂಮಿಯ ನಟರು. ಆಗ ಕೊಳ್ಳೇಗಾಲವೂ ತಾಳವಾಡಿಯೂ ಮದರಾಸು ಪ್ರಾಂತ್ಯದ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಇಲ್ಲೇ ಉಳಿದೆವು. ಅದಕ್ಕೆ ಎರಡು ವರ್ಷ ಮೊದಲೇ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ'ದಲ್ಲಿ ಮುತ್ತುರಾಜ ನಾಯಕನಾಗಿ ರಾಜ್‌ಕುಮಾರ್ ಆಗಿದ್ದರು.

ಆದರೆ ಹೊರಗಿನವರಿಗೆ ಗಾಜನೂರು ಅಂದರೆ ನೆನಪಾಗುವುದು ಬೇರೆ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅಲ್ಲಿಂದಲೇ ಅವರನ್ನು ಅಪಹರಿಸಿದ. 108 ದಿನ ಕಾಡಿನಲ್ಲಿಟ್ಟುಕೊಂಡು ನವೆಂಬರ್ 15ರಂದು ಬಿಟ್ಟ. ಈ ಲೆಕ್ಕ ನಮ್ಮ ಮಕ್ಕಳ ಬಾಯಲ್ಲೂ ಇದೆ. 'ಬೇಡರ ಕಣ್ಣಪ್ಪ' ನೋಡಿದವರು ಕೈಯೆತ್ತಿ ಅಂದರೆ ಒಂದು ಕೈಯೂ ಏಳಲಿಲ್ಲ. ಕಳೆದುಹೋದ ಚಿತ್ರ ನೋಡಲಾಗದ್ದು ದುರದೃಷ್ಟ. ಇರುವ ಚಿತ್ರವನ್ನೂ ನೋಡದಿದ್ದರೆ ಅದು ನಮ್ಮದೇ ತಪ್ಪು.

ಮುಂಬಯಿ, ಪುಣೆಗೆ ನಮ್ಮ ಮಕ್ಕಳನ್ನು ಕರೆದೊಯ್ಯುವುದು ಸುಲಭವಲ್ಲ. ಆದರೆ ಸಿನಿಮಾ ಸಂಗ್ರಹಾಲಯ ಮಾಡುವ ಕೆಲಸವೇನು? ಹಳೆಯದನ್ನು ಕೂಡಿಡುವುದು, ಜನರನ್ನು ಕರೆದು ತೋರಿಸುವುದು, ನೋಡಿದ ಮೇಲೆ ಮಾತಾಡಿಸುವುದು. ಇದನ್ನು ಶಾಲೆಯಲ್ಲೂ ಮಾಡಬಹುದು. ಮಾರ್ಚ್ 3ರಂದು ಮೊದಲ ಚಿತ್ರದ ಕಥೆ ಹೇಳೋಣ. ಏಪ್ರಿಲ್ 24ರ ಆಸುಪಾಸಿನಲ್ಲಿ 'ಬೇಡರ ಕಣ್ಣಪ್ಪ' ತೋರಿಸೋಣ. ಶಿವನಿಗೆ ತನ್ನ ಕಣ್ಣನ್ನೇ ಕೊಟ್ಟ ಬೇಡನ ಕಥೆ ಕಾಡಂಚಿನ ನಮ್ಮ ಮಕ್ಕಳಿಗೆ ದೂರದ್ದಲ್ಲ. ಮನೆಯ ಅಟ್ಟದಲ್ಲಿ ಹಳೆಯ ಹಾಡಿನ ಪುಸ್ತಕ, ಕರಪತ್ರ ಇದ್ದರೆ ತರಲಿ. ಅಜ್ಜ ಅಜ್ಜಿಯರು ಟೆಂಟಿನಲ್ಲಿ ಕೂತು ನೋಡಿದ್ದನ್ನು ಕೇಳಿ ಬರೆದುಕೊಂಡು ಬರಲಿ.

ಅದನ್ನೂ ಬರೆದಿಡದಿದ್ದರೆ ಮುಂದೆ ಇನ್ನೊಬ್ಬ ಹುಡುಗ ಕೇಳಿದಾಗಲೂ 'ಎಲ್ಲೂ ಇಲ್ಲ ಕಣೋ' ಅನ್ನಬೇಕಾಗುತ್ತದೆ. ನೀವೇನಂತೀರಿ?